ಎಣ್ಣೆ ಕೆಂಪಾಗುವವರೆಗೂ

"ರೀ ಮೇಡಂ! ಆಕ್ಸಿಲರೇಟರ್ ಮೇಲಿಂದ ಕಾಲು ತೆಗೀರಿ! ಕಾರನ್ನ ಕೊಲ್ಲಬೇಕು ಅಂತಾನೇ ಹೊರಟಿದ್ದೀರಾ?"

ಕಿಟಕಿ ಗಾಜಿನ ಮೇಲೆ ಟಕಟಕ ಬಡಿದ ಸದ್ದಿಗೆ ರೂಪಶ್ರೀ ಬೆಚ್ಚಿಬಿದ್ದಳು.

ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿ ಮುಂದೆ, ನಡುರಸ್ತೆಯಲ್ಲಿ ಅವಳ ಹಳೇ ಬಿಳಿ ಕಾರು ನಿಂತುಬಿಟ್ಟಿತ್ತು. ಎಂಜಿನ್ ಅರಚಿಕೊಳ್ಳುತ್ತಿದೆ, ಚಕ್ರ ಮಾತ್ರ ಅಲ್ಲಾಡುತ್ತಿಲ್ಲ! ಹಿಂದೆ ಬೆಂಗಳೂರಿನ ಬಸ್ಸು, ಅದರ ಹಿಂದೆ ಕಾಯಿ ತುಂಬಿದ ಲಾರಿ. ಹಾರ್ನ್ ಮೇಲೆ ಹಾರ್ನ್...

"ನೀವ್ಯಾರ್ರೀ ಹೇಳೋಕೆ?"

"ಗೌತಮ್ ಅಂತ. ಹಾಸನದಲ್ಲಿ ಗ್ಯಾರೇಜ್ ಇಟ್ಟಿದ್ದೀನಿ. ಬಾನೆಟ್ ತೆಗೆದು ಕೆಳಗಿಳೀರಿ."

"ಇಳಿಯಲ್ಲ."

"ಯಾಕೆ, ಪಾದಕ್ಕೆ ಧೂಳಾಗುತ್ತಾ?"

ಅಯ್ಯೋ, ಆಡೋಕೆ ಬೇರೆ ಮಾತೇ ಸಿಗಲಿಲ್ಲವಾ ಈ ಪುಣ್ಯಾತ್ಮನಿಗೆ! ರೂಪಶ್ರೀ ಮುಖ ಕೆಂಪಗಾಯಿತು. ತುಟಿ ಕಚ್ಚಿಕೊಂಡು ಬಾಗಿಲು ತೆಗೆದಳು. ಮೊದಲು ಬಲಗಾಲು ಇಳಿಯಿತು. ಆಮೇಲೆ ಕೈಯಿಂದ ಎತ್ತಿ ಎಡಗಾಲನ್ನು ಇಳಿಸಿದಳು. ಮೊಣಕಾಲಿನಿಂದ ಕೆಳಗೆ ಕಬ್ಬಿಣದ ಪಟ್ಟಿ ಬಿಗಿದ, ಸಣಕಲು ಕಾಲು. ಚಿಕ್ಕವಳಿದ್ದಾಗ ಟ್ರ್ಯಾಕ್ಟರ್ ಟ್ರೇಲರ್ ಹತ್ತಿ ಹೋಗಿದ್ದ ಕಾಲು.

"ಥೂ, ಕುಂಟಿ ಕಣ್ಲಾ! ಇವ್ಳಿಗ್ಯಾಕ್ಲಾ ಕಾರು?" ಕಾಯಿ ಹೊರುವವರಲ್ಲಿ ಒಬ್ಬ ನಕ್ಕ. ಪಕ್ಕದವನೂ ನಕ್ಕ. ಬಸ್ಸಿನ ಕಿಟಕಿಗಳಲ್ಲೂ ನಕ್ಕರು.

'ಭೂಮಿ ಬಾಯಿ ಬಿಡಬಾರದಾ...' ಅಂದುಕೊಂಡಳು ರೂಪಶ್ರೀ.

ಗೌತಮ್ ಸಾರಿ ಅನ್ನಲಿಲ್ಲ. ಮುಖ ಗಂಟು ಹಾಕಿಕೊಂಡು ಕಾರನ್ನು ಒಬ್ಬನೇ ತಳ್ಳಿ ಬದಿಗೆ ತಂದ. ಎಂಜಿನ್ ಓಡುತ್ತಿರುವಾಗಲೇ ಒಳಗಿಂದ ಎಣ್ಣೆ ನೋಡುವ ಉದ್ದನೆಯ ಕಡ್ಡಿ ಎಳೆದು, ತನ್ನ ಕರ್ಚೀಫಿಗೆ ಒರೆಸಿ, ಅವಳ ಮೂಗಿನ ಹತ್ತಿರ ಹಿಡಿದ. ಕಪ್ಪಗೆ, ಸೀದ ವಾಸನೆ.

"ಇದರ ಎಣ್ಣೆ ಬದಲಾಯಿಸಿದ್ದು ಯಾವಾಗ?"

"ಪ್ರತಿ ಸರ್ವೀಸ್‌ಗೂ ಬದಲಾಯಿಸ್ತೀವಿ!"

"ಅದು ಎಂಜಿನ್ ಎಣ್ಣೆ. ಇದು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ. ಕೆಂಪಗಿರಬೇಕು, ಕುಂಕುಮದ ನೀರಿನ ಥರ. ನೋಡಿ ಹೆಂಗಿದೆ! ಈ ಕಾರು ಹುಟ್ಟಿದಾಗಿಂದ ಯಾರೂ ಮುಟ್ಟಿಲ್ಲ."

ಅವಳ ಕಣ್ಣಲ್ಲಿ ನೀರು ಬಂತು. ಕಾರಿಗಲ್ಲ, ಅಪ್ಪನಿಗೆ.

"ಕ್ಲಚ್ ತುಳಿಯೋ ಕಾಲು ನಿಂಗಿಲ್ಲ ಅಂತ ಕ್ಲಚ್ಚೇ ಇಲ್ದಿರೋ ಕಾರು ತಂದಿವ್ನಿ, ನೋಡು ಮಗಾ" ಅಂತ ಅಪ್ಪ ನಂಜಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ ತಂದಿದ್ದರು. ಮರುವರ್ಷ ತೀರಿಹೋದರು. ಆ ಕಾರಿನಿಂದಲೇ ಅವಳಿಗೆ ಕೆಲಸ. ಅರಕಲಗೂಡಿನಿಂದ ಹೊರಟು ದುದ್ದ, ಮೊಸಳೆ, ಹೊಳೆನರಸೀಪುರ ಊರುಗಳ ಸುತ್ತಿನ ಡೈರಿಗಳಲ್ಲಿ ಹಾಲಿನ ಪರೀಕ್ಷೆ ಮಾಡಿ ಬರುವ ಕೆಲಸ. ಅಣ್ಣ ಪರಮೇಶ್ ಆಗಲೇ ಹೇಳಿಬಿಟ್ಟಿದ್ದ. "ಈ ಡಬ್ಬ ಕೈಕೊಟ್ಟ ದಿನ ಕೆಲ್ಸನೂ ಬುಡ್ಬೇಕು, ನಾವು ತೋರ್ಸಿದೋನ್ಗೆ ಕತ್ತೂ ಕೊಡ್ಬೇಕು. ಕುಂಟೀನ ಬೇರೆ ಯಾವನು ಕಟ್ಕೊಂಡಾನು?"

"ಉಳಿಯುತ್ತಾ?" ಅಂದಳು ಸಣ್ಣ ದನಿಯಲ್ಲಿ.

ಗೌತಮ್ ಮೊದಲ ಸಲ ಅವಳ ಮುಖ ನೋಡಿದ. "ಉಳಿಸ್ಬೋದು. ಆದ್ರೆ ಒಂದೇ ಸಲ ಎಲ್ಲಾ ತೊಳೆದ್ರೆ ಸತ್ತೋಗುತ್ತೆ. ಸ್ವಲ್ಪ ತೆಗೆದು ಸ್ವಲ್ಪ ಹಾಕಿ ಓಡಿಸ್ಬೇಕು, ಮತ್ತೆ ಬರ್ಬೇಕು. ಮೂರು ಸಲ."

*

ಮೊದಲ ಸಲದ್ದು ಮುಗಿಸಿ, ಅವಳು ಬಸ್ಸು ಹತ್ತಲಾರಳೆಂದು ಅವನೇ ಕಾರನ್ನು ಅರಕಲಗೂಡಿಗೆ ತಂದುಕೊಟ್ಟ.

ಜಗಲಿಯಲ್ಲಿ ಕೂತಿದ್ದ ಅವ್ವ ಜಯಲಕ್ಷ್ಮಮ್ಮ ಮೇಲಿಂದ ಕೆಳಗೆ ನೋಡಿದರು. "ಎಲ್ಲಾಯ್ತಪ್ಪ ನಿಮ್ದು?"

"ಹಾಸನ."

"ಅದು ಸರಿ. ಯಾರ ಮಗ ನೀನು?"

"ಮಂಚಯ್ಯನ ಮಗ."

ಅಷ್ಟೇ. ಹೆಸರು ಕೇಳಿದ್ದೇ ಜಯಲಕ್ಷ್ಮಮ್ಮನ ಲೆಕ್ಕಾಚಾರ ಮುಗಿಯಿತು. ಒಳಗಿಂದ ಕಾಫಿ ಬಂತು. ಪರಮೇಶನಿಗೆ ಸ್ಟೀಲ್ ಲೋಟ. ರೂಪಶ್ರೀಗೆ ಸ್ಟೀಲ್ ಲೋಟ. ಗೌತಮನಿಗೆ ಪೇಪರ್ ಲೋಟ! ಮದುವೆ ಮನೆಯಿಂದ ಉಳಿಸಿ ತಂದಿಟ್ಟುಕೊಂಡಿದ್ದ ಕಟ್ಟಿನಿಂದ ಒಂದು. ಇಂಥವರು ಬಂದಾಗ ಇರಲಿ ಅಂತ!

ರೂಪಶ್ರೀ ನೋಡಿದಳು. 'ಮಾತಾಡೇ... ನಿನ್ನ ಲೋಟ ಕೊಡೇ...' ಅಂತ ಒಳಗೆ ಯಾರೋ ಕೂಗಿದರು. ಅವಳು ಮಾತಾಡಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ತನ್ನ ಕಾಫಿ ತಾನು ಕುಡಿದಳು, ಮಹರಾಯ್ತಿ!

ಗೌತಮ್ ಒಂದೇ ಗುಟುಕಿಗೆ ಕುಡಿದ. ಎದ್ದು ಹೋಗಿ ಬಾನೆಟ್ ತೆಗೆದು, ಕಡ್ಡಿ ಎಳೆದು, ಎಣ್ಣೆಯ ನಾಲ್ಕು ಹನಿಗಳನ್ನು ಅದೇ ಖಾಲಿ ಲೋಟಕ್ಕೆ ಇಳಿಸಿ ಅವಳ ಮುಂದೆ ಹಿಡಿದ.

"ನೋಡಿ. ಕಪ್ಪು ಹೋಗಿ ಕಂದು ಬಣ್ಣಕ್ಕೆ ಬಂದಿದೆ. ಲೋಟ ಒಳ್ಳೆ ಕೆಲಸಕ್ಕೆ ಬಂತು."

ಅವನು ನಕ್ಕಿದ್ದ. ಆ ನಗು ಅವಳ ನಿದ್ದೆ ಕೆಡಿಸಿತು.

ಎರಡನೇ ಸಲ ಗ್ಯಾರೇಜಿಗೆ ಅವಳೇ ಓಡಿಸಿಕೊಂಡು ಹೋದಳು. ಮೂಲೆಯ ಬೆಂಚಿನ ಮೇಲೆ ಅವನ ಅಪ್ಪ ಮಂಚಯ್ಯ ಪೇಪರ್ ಓದುತ್ತಾ ಕೂತಿದ್ದ. ಕಾರಿನಡಿ ಟ್ರೇ ಒಳಗೆ ಎಣ್ಣೆ ಇಳಿಯುತ್ತಿತ್ತು.

"ಅವತ್ತು ಚನ್ನರಾಯಪಟ್ಟಣದಲ್ಲಿ ಧೂಳು ಅಂತ ಅಂದೆನಲ್ಲ... ಅದು ನಾಲಿಗೆ ಮೇಲೇ ಉಳ್ಕೊಂಡಿದೆ" ಅಂದ ಗೌತಮ್, ಕಾರಿನ ಕೆಳಗಿಂದಲೇ. ಮುಖ ತೋರಿಸೋಕೆ ಧೈರ್ಯ ಇಲ್ಲ ಕಳ್ಳನಿಗೆ!

"ಈಗ ಸಾರಿ ಕೇಳ್ತಿದ್ದೀರಾ?"

"ಹ್ಞೂಂ."

"ಕೆಳಗಿಂದ ಹೊರಗೆ ಬಂದು ಕೇಳಿ."

ಬಂದ. ಕೆನ್ನೆಗೆ ಎಣ್ಣೆ ಮೆತ್ತಿತ್ತು. ಅವಳು ನಗು ತಡೆಯಲಾರದೆ ತನ್ನ ವೇಲಿನಿಂದ ಒರೆಸಿಬಿಟ್ಟಳು. ಒರೆಸಿದ ಮೇಲೆ ಇಬ್ಬರಿಗೂ ಎಲ್ಲಿ ನೋಡಬೇಕೋ ತಿಳಿಯಲಿಲ್ಲ...

"ಮೂರನೇ ಸಲ ಬಂದಾಗ ನಿಮಗೊಂದು ಮಾತು ಹೇಳ್ಬೇಕು ರೂಪಶ್ರೀ."

"ಈಗಲೇ ಹೇಳಬಾರದಾ?"

"ಎಣ್ಣೆ ಪೂರ್ತಿ ಕೆಂಪಾಗ್ಲಿ."

ಅರಕಲಗೂಡಿನವರೆಗೂ ಅವಳು ಹಾಡಿಕೊಂಡು ಹೋದಳು.

*

ಎರಡು ದಿನ ಬಿಟ್ಟು ಸಂಜೆ ಅವನ ಫೋನ್ ಬಂತು.

"ಗ್ಯಾರೇಜಲ್ಲಿ ನಿಮ್ಮ ಕಾರು ನಿಂತಿದ್ದ ಜಾಗದಲ್ಲಿ ಎಣ್ಣೆ ಹನಿ ಬಿದ್ದಿದೆ. ಸೀಲ್ ಸೋರ್ತಿದೆ ಅನ್ಸುತ್ತೆ. ಗೇರ್ ಆಯಿಲ್ ಕಮ್ಮಿ ಆಗಿರುತ್ತೆ. ಬೆಳಗ್ಗೆ ನಾನೇ ಬಂದು ಹಾಕ್ತೀನಿ, ಅಲ್ಲೀವರೆಗೂ ಓಡಿಸ್ಬೇಡಿ."

ಗೇರ್ ಆಯಿಲ್! ನಮ್ಮ ಕಡೆ ಗ್ಯಾರೇಜುಗಳಲ್ಲಿ ಎಲ್ಲದಕ್ಕೂ ಅದೊಂದೇ ಮಾತು. ಟ್ರ್ಯಾಕ್ಟರಿಗೆ ಹಾಕುವ ಜೇನಿನಂಥ ಗಟ್ಟಿ ಎಣ್ಣೆಯೂ ಗೇರ್ ಆಯಿಲ್ಲೇ, ಈ ಕಾರಿನ ನೀರಿನಂಥ ಕೆಂಪು ಎಣ್ಣೆಯೂ ಗೇರ್ ಆಯಿಲ್ಲೇ. ಬಾಯಿ ಅಭ್ಯಾಸದಲ್ಲಿ ಗೌತಮನೂ ಹಾಗೇ ಅಂದ. ರೂಪಶ್ರೀ ಅದನ್ನೇ ಮನೆಯಲ್ಲಿ ಹೇಳಿದಳು.

ಬೆಳಗ್ಗೆ ಅವಳು ಸ್ನಾನ ಮುಗಿಸಿ ಬಂದಾಗ ಪರಮೇಶ್ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ.

"ನಿನ್ ಮೆಕ್ಯಾನಿಕ್ಕು ಬಂದು ಗೇರ್ ಆಯಿಲ್ ಹಾಕ್ಬುಟ್ಟು ಓದ. ಅರ್ಜೆಂಟಂತೆ. ಕಾರ್ ತಗೊಂಡ್ ಓಗು."

'ನನ್ನ ನೋಡದೇ ಹೋದ್ರಾ?' ಅಂತ ಮನಸ್ಸು ಚುರ್ ಅಂದರೂ ಹೊರಟಳು.

ಹೊಳೆನರಸೀಪುರದ ದಾರಿಯಲ್ಲಿ, ಎರಡೂ ಕಡೆ ಬರೀ ಗದ್ದೆ ಇರುವ ಜಾಗದಲ್ಲಿ, ಕಾರು ಒಮ್ಮೆ ಜಗ್ಗಿತು. ಕಟಕಟ ಅಂತು. ಗಂಧಕದ ನಾತ ಬಂತು. ನಿಂತೇಹೋಯಿತು. ಫೋನಿಗೆ ಸಿಗ್ನಲ್ ಇಲ್ಲ. ಬಿಸಿಲಲ್ಲಿ, ಆ ಕಾಲು ಎಳೆದುಕೊಂಡು ನಡೆದಳು. ಪಟ್ಟಿ ಉಜ್ಜಿ ಕಾಲಲ್ಲಿ ರಕ್ತ ಬಂತು. ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದ ಇಬ್ಬರು ನಿಧಾನ ಮಾಡಿ, ಅವಳ ನಡಿಗೆಯನ್ನೇ ಅಣಕಿಸಿ ಹೋದರು.

ಮಧ್ಯಾಹ್ನ ಕಾರನ್ನು ಎಳೆಸಿಕೊಂಡು ಪರಮೇಶ್ ಜೊತೆ ಹಾಸನದ ಗ್ಯಾರೇಜಿಗೆ ಬಂದಾಗ ಅವಳು ಅವಳಾಗಿರಲಿಲ್ಲ.

"ಏನ್ ಸುರಿದ್ರಿ ನನ್ನ ಕಾರಿಗೆ?!"

ಗೌತಮ್ ಗಾಬರಿಯಾಗಿ ಎದ್ದುಬಂದ. "ಯಾರು, ನಾನಾ? ನಾನು ಬಂದೇ ಇಲ್ವಲ್ಲ! ನಿಮ್ಮಣ್ಣನೇ ಬೆಳಗ್ಗೆ ಫೋನ್ ಮಾಡಿ..."

"ಸುಳ್ ಬೇರೆ ಏಳ್ತಾನೆ ನೋಡು!" ಪರಮೇಶ್ ನಡುವೆ ಬಾಯಿ ಹಾಕಿದ. "ಇವ್ರ ಬುದ್ಧಿನೇ ಇಷ್ಟು ಕಣಮ್ಮಿ."

ರೂಪಶ್ರೀ ಕಾಲು ಉರಿಯುತ್ತಿತ್ತು, ತಲೆ ಉರಿಯುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಅವನ ಮೇಲಿಟ್ಟ ನಂಬಿಕೆ ಉರಿಯುತ್ತಿತ್ತು. ಬಾಯಿಂದ ಬಂದುಬಿಟ್ಟಿತು...

"ನಿಮ್ಮಂಥೋರನ್ನ ಮನೆ ಬಾಗಿಲಿಗೆ ಬಿಟ್ಕೊಂಡಿದ್ದೇ ನಮ್ಮ ತಪ್ಪು!"

ರಿಪೇರಿಗೆ ಬಂದಿದ್ದ ದುದ್ದದ ಟೆಂಪೋ ಡ್ರೈವರ್ ನಾಗೇಶ್ ತಲೆ ತಗ್ಗಿಸಿದ. ಬೆಂಚಿನ ಮೇಲಿದ್ದ ಮಂಚಯ್ಯ ಪೇಪರ್ ಮಡಚಿಟ್ಟ. ಆ ಮಾತನ್ನು ಅವನು ಹುಟ್ಟಿದಾಗಿಂದ ಕೇಳಿದ್ದ. ಮಗನಿಗೆ ಮಾತ್ರ, ಅದೂ ಕೆನ್ನೆ ಒರೆಸಿದ ಹುಡುಗಿಯ ಬಾಯಿಂದ, ಹೊಸದು.

ಗೌತಮನ ಮುಖ ಬಿಳಿಚಿಕೊಂಡಿತು.

"ಸರಿ ಮೇಡಂ. ಕಾರು ಬಿಟ್ಟು ಹೋಗಿ" ಅಂದ. ಅಷ್ಟೇ ಅಂದ.

*

ಮನೆಯಲ್ಲಿ ಹಬ್ಬ. ಪರಮೇಶನಿಗೆ ಬೇಕಿದ್ದದ್ದು ಇದೇ ತಾನೇ! ಚನ್ನರಾಯಪಟ್ಟಣದ ಶಶಿಕುಮಾರ್ ಅನ್ನುವವನಿಗೆ ಮಾತು ಕೊಟ್ಟುಬಿಟ್ಟ. ಹೆಂಡತಿ ಸತ್ತವನು, ತೋಟ ಇರುವವನು. ಮೊದಲ ಸಲ ನೋಡಲು ಬಂದಾಗ, "ಒಂದ್ಸಲ ನಡ್ಸಿ ತೋರ್ಸಿ" ಅಂತ ಕೇಳಿದ್ದ, ಹಸು ಕೊಳ್ಳುವವನ ಹಾಗೆ. ಜಯಲಕ್ಷ್ಮಮ್ಮ, "ನಡ್ಯೇ" ಅಂದಿದ್ದರು. ರೂಪಶ್ರೀ ನಡೆದಿದ್ದಳು.

ಕೆಲಸ ಹೋಯಿತು. ಹೊಸ್ತಿಲು ದಾಟಲು ಕಾರಿಲ್ಲ. 'ನಾನು ಆ ಮಾತು ಹೇಗೆ ಅಂದೆ?' ಅಂತ ದಿನಾ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಮರುಕ್ಷಣ, 'ಮತ್ತೆ ಅವನು ಸುಳ್ಳು ಹೇಳಿದ್ದು?' ಅಂತ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮದುವೆ ಮಾತುಕತೆಗೆ ಶಶಿಕುಮಾರ್ ಕಡೆಯವರು ಬರುವ ದಿನ ಬೆಳಗ್ಗೆ, ಕೊಟ್ಟಿಗೆಯಿಂದ ಪರಮೇಶ್ ಕೂಗಿದ.

"ಅವ್ವಾ! ಟ್ರ್ಯಾಕ್ಟರ್ ಗೇರ್ ಆಯಿಲ್ ಡಬ್ಬ ಖಾಲಿ ಐತಲ್ಲ!"

ಅಡಿಗೆಮನೆಯಿಂದ ಜಯಲಕ್ಷ್ಮಮ್ಮನ ಉತ್ತರ ಬಂತು. "ಖಾಲಿ ಆಗ್ದೆ ಏನ್ಲಾ? ಅವತ್ತು ಇವ್ಳ ಕಾರ್ಗೆ ನೀನೇ ಸುರುದ್ಯಲ್ಲ!"

ರೂಪಶ್ರೀ ಕೈಲಿದ್ದ ಲೋಟ ಕೆಳಗೆ ಬಿತ್ತು.

"ಅವ್ವಾ... ಏನಂದೆ?"

"ಏನಂದೆ? ಅವ್ನು ಮತ್ತೆ ಮನೆ ಬಾಗ್ಲಿಗೆ ಬರದು ಬ್ಯಾಡ ಅಂತ ಇವ್ನೇ ಫೋನ್ ಮಾಡಿ ಏಳ್ದ, ರೂಪಂಗೆ ನೀನ್ ಬರದು ಇಷ್ಟ ಇಲ್ಲ ಅಂತ. ಗೇರ್ ಆಯಿಲ್ ತಾನೆ, ನಮ್ಮನೇಲಿ ಇಲ್ವಾ? ಇವ್ನೇ ಸುರ್ದ. ಅದಕ್ಯಾಕೆ ಅಂಗೆ ಕಣ್ ಬುಡ್ತೀಯ? ಸೀರೆ ಉಟ್ಕೋ ಓಗು, ಅವ್ರು ಬತ್ತಾರೆ."

ಎಷ್ಟು ಸಲೀಸು! ಹಾಲಿಗೆ ಸಕ್ಕರೆ ಹಾಕಿದೆ ಅನ್ನುವ ಹಾಗೆ ಹೇಳಿಬಿಟ್ಟಳು ಹೆತ್ತ ತಾಯಿ.

ರೂಪಶ್ರೀ ಸೀರೆ ಉಡಲಿಲ್ಲ. ಹಿತ್ತಿಲ ಬಾಗಿಲಿನಿಂದ ಹೊರಬಿದ್ದಳು.

ಅವಳು ಬಸ್ಸು ಹತ್ತಿ ಎಷ್ಟು ವರ್ಷವಾಗಿತ್ತೋ! ಮೆಟ್ಟಿಲು ಎತ್ತರ. ಹಿಂದಿನಿಂದ ತಳ್ಳುತ್ತಿದ್ದಾರೆ. "ಬೇಗ ಮೇಲತ್ತಮ್ಮ, ನಿಂಗೋಸ್ಕರ ಊರೆಲ್ಲಾ ಕಾಯ್ಬೇಕಾ?" ಅಂತ ಕಂಡಕ್ಟರ್ ರೇಗಿದ. ಎರಡೂ ಕೈಯಲ್ಲಿ ಕಂಬಿ ಹಿಡಿದು, ಎಡಗಾಲನ್ನು ಮೂಟೆ ಎಳೆದಂತೆ ಮೇಲೆಳೆದುಕೊಂಡಳು. ಹಾಸನದವರೆಗೂ ನಿಂತೇ ಬಂದಳು. ಯಾರೂ ಏಳಲಿಲ್ಲ.

*

ಗೌತಮ್ ಅವಳನ್ನು ಕಂಡ. ಕಂಡೂ ಕಾಣದವನಂತೆ ನಾಗೇಶನ ಟೆಂಪೋ ಕಡೆ ತಿರುಗಿದ.

"ಗೌತಮ್... ಒಂದು ನಿಮಿಷ ಈ ಕಡೆ ಬರ್ತೀರಾ?"

"ಯಾಕೆ?"

"ಸಾರಿ ಕೇಳ್ಬೇಕು..."

ಅವನು ಸ್ಪ್ಯಾನರ್ ಕೆಳಗಿಟ್ಟ. ಆ ಕಣ್ಣಲ್ಲಿ ಒಂದು ಹನಿ ಕರುಣೆ ಇರಲಿಲ್ಲ.

"ಅವತ್ತು ಎಲ್ಲರ ಮುಂದೆ ಅಂದ್ರಿ. ನಮ್ಮಪ್ಪನ ಮುಂದೆ ಅಂದ್ರಿ. ಇವತ್ತು ಮೂಲೆಗೆ ಕರ್ದು ಸಾರಿ ಕೇಳ್ತೀರಾ? ಪೇಪರ್ ಲೋಟದ ಥರಾನಾ, ನನಗೆ ಬೇರೆ, ಉಳಿದೋರಿಗೆ ಬೇರೆ?"

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. 'ವಾಪಸ್ ಹೋಗಿಬಿಡಲಾ?' ಅಂತ ಒಂದು ಕ್ಷಣ ಅನ್ನಿಸಿತು. ಹೋದರೆ ಆ ಜಗಲಿ, ಆ ಶಶಿಕುಮಾರ್... ಅದಕ್ಕಿಂತ ಹೆಚ್ಚಾಗಿ, ಆ ಮಾತು ಇಲ್ಲೇ ಉಳಿಯುತ್ತದೆ.

ಅವಳು ಗ್ಯಾರೇಜಿನ ನಡುವೆ ಬಂದು ನಿಂತಳು.

"ನಾಗೇಶಣ್ಣ, ಅವತ್ತು ನೀವೂ ಇದ್ರಿ ಅಲ್ವಾ? ಎಲ್ರೂ ಕೇಳಿಸ್ಕೊಳ್ಳಿ!" ದನಿ ಗಟ್ಟಿಯಾಗಿತ್ತು. "ಟ್ರ್ಯಾಕ್ಟರ್ ಎಣ್ಣೆ ಸುರಿದೋನು ನನ್ನಣ್ಣ. ಇವರು ನಮ್ಮನೆ ಬಾಗಿಲಿಗೆ ಬರಬಾರದು ಅಂತ ಸುರಿದ. ಇವರಿಗೆ ಪೇಪರ್ ಲೋಟ ಕೊಟ್ಟಾಗ ನೋಡ್ಕೊಂಡು ಸುಮ್ಮನೆ ಕಾಫಿ ಕುಡಿದೋಳು ನಾನು. 'ನಿಮ್ಮಂಥೋರು' ಅಂದೋಳೂ ನಾನು. ಅಣ್ಣ ಹೇಳಿಕೊಟ್ಟಿದ್ದಲ್ಲ, ಅದು ನನ್ನೊಳಗೇ ಇತ್ತು! ತಪ್ಪಾಯ್ತು. ಮಂಚಯ್ಯೋರೇ, ನಿಮ್ಮ ಮುಂದೆ ಅಂದಿದ್ದಕ್ಕೆ ನನ್ನ ನಾಲಿಗೆ ಸೇದೋಗಬೇಕಿತ್ತು..."

ಬಿಕ್ಕಿ ಬಿಕ್ಕಿ ಅತ್ತಳು.

ಮಂಚಯ್ಯ ಬೆಂಚಿನಲ್ಲಿ ಪಕ್ಕಕ್ಕೆ ಸರಿದ. "ಕುಂತ್ಕೊಳ್ಳವ್ವ. ಬಸ್ಸಲ್ಲಿ ಬಂದಿದ್ದೀಯ, ಕಾಲ್ ನೋಯ್ತಿರ್ತದೆ."

ಎದುರಿನ ಅಂಗಡಿಯಿಂದ ಟೀ ಬಂತು. ಎಲ್ಲವೂ ಪೇಪರ್ ಲೋಟ! ಅವಳು ಒಂದು ಲೋಟ ಹಿಡಿದು ದಂಗಾಗಿ ನೋಡಿದಳು.

"ಇಲ್ಲಿ ಎಲ್ರಿಗೂ ಅದೇನೇ" ಅಂದ ಗೌತಮ್, ಒಣಗಿದ ದನಿಯಲ್ಲಿ.

ಅವಳು ಅಳುತ್ತಲೇ ಕುಡಿದಳು. ಖಾಲಿ ಲೋಟ ಕೈಯಲ್ಲಿರುವಾಗಲೇ ಫೋನ್ ಬಂತು. ಅವ್ವ! ರೂಪಶ್ರೀ ಸ್ಪೀಕರ್ ಒತ್ತಿದಳು.

"ಎಲ್ಲಿ ಸತ್ತಿದ್ದೀಯೇ? ಮನೆ ತುಂಬ ನೆಂಟ್ರು ಕುಂತವ್ರೆ!"

"ಹಾಸನದಲ್ಲಿ. ಗೌತಮ್ ಗ್ಯಾರೇಜಲ್ಲಿ."

ಆ ಕಡೆ ಹಲ್ಲು ಕಡಿಯುವ ದನಿ. "ಅವ್ರ ಕೈಲಿ ಒಂದು ತೊಟ್ಟು ನೀರು ಕುಡುದ್ರೂ ಈ ಮನೆ ಒಸ್ಲು ತುಳೀಬ್ಯಾಡ. ಕೇಳುಸ್ತಾ?"

ರೂಪಶ್ರೀ ಕೈಯಲ್ಲಿದ್ದ ಲೋಟ ನೋಡಿದಳು.

"ಕುಡ್ದಾಯ್ತವ್ವ. ಟೀ."

"...ಅಂಗಾರೆ ನನ್ ಪಾಲ್ಗೆ ನೀನು ಸತ್ತೆ. ನಿಮ್ಮಪ್ಪ ಓದಾಗ್ಲೇ ನೀನೂ ಓಗಿದ್ರೆ ಚೆನ್ನಾಗಿತ್ತು."

ಫೋನ್ ಕಟ್ಟಾಯಿತು. ನಾಗೇಶ್ ಮೆಲ್ಲಗೆ ಎದ್ದು ಹೊರಗೆ ಹೋದ. ಮಂಚಯ್ಯ ಅವಳ ತಲೆ ಮೇಲೆ ಕೈಯಿಟ್ಟ. "ಮನೇಲಿ ನನ್ ಮಗ್ಳು ಶಾಂತಿ ಅವ್ಳೆ. ಅವಳ ಜೊತ್ಗೆ ಇರುವಂತೆ. ಅಳ್ಬ್ಯಾಡ."

ಅವನೂ ಎದ್ದು ಹೋದ ಮೇಲೆ ಉಳಿದವರು ಇಬ್ಬರೇ.

"ನನ್ನ ಕಾರು... ಸತ್ತೋಯ್ತಾ?"

ಗೌತಮ್ ಅವಳ ಕೈಯಿಂದ ಖಾಲಿ ಲೋಟ ತೆಗೆದುಕೊಂಡ. ಹಿಂದಿನ ಶೆಡ್ಡಿಗೆ ನಡೆದ. ಅಲ್ಲಿ ಬಿಳಿ ಕಾರು ನಿಂತಿತ್ತು, ತೊಳೆದು ಒರೆಸಿ ಇಟ್ಟಿದ್ದ. ಕಡ್ಡಿ ಎಳೆದು ನಾಲ್ಕು ಹನಿ ಲೋಟಕ್ಕೆ ಇಳಿಸಿದ. ಕೆಸರು ಬಣ್ಣ. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಎಲ್ಲೋ ಒಂಚೂರು ಕೆಂಪು.

"ಎರಡು ಸಲ ಬದಲಾಯಿಸಿದ್ದೀನಿ."

"ನನ್ನ ಮೇಲೆ ಅಷ್ಟು ಕೋಪ ಇಟ್ಕೊಂಡಾ?"

"ಕೋಪ ನಿಮ್ಮ ಮೇಲೆ. ಕಾರೇನು ಮಾಡಿತ್ತು?" ಅವನು ಲೋಟವನ್ನೇ ನೋಡುತ್ತಿದ್ದ. "ಗೇರ್ ಆಯಿಲ್ ಅಂತ ಬಾಯಿಗೆ ಬಂದಂಗೆ ಅಂದಿದ್ದು ನಂದೂ ತಪ್ಪು. ನಿಮ್ಮಣ್ಣ ಫೋನ್ ಮಾಡಿದ್ಮೇಲೆ ನಿಮಗೊಂದು ಫೋನ್ ಮಾಡ್ಬೇಕಿತ್ತು. ರೋಷಕ್ಕೆ ಮಾಡ್ಲಿಲ್ಲ."

"ಗೌತಮ್..."

"ಕೇಳಿ. ಇದರ ಕೆಳಗಿನ ನಟ್ಟು ಬಿಚ್ಚಿದ್ರೆ ಒಂದು ಸಲಕ್ಕೆ ಅರ್ಧ ಎಣ್ಣೆನೂ ಬರಲ್ಲ. ಉಳಿದಿದ್ದು ಒಳಗೇ ಇರುತ್ತೆ. ನೀವಂದ ಮಾತೂ ನನ್ನೊಳಗೆ ಹಂಗೇ ಇದೆ. ಇವತ್ತು ಸ್ವಲ್ಪ ಹೋಯ್ತು. ಪೂರ್ತಿ ಹೋಯ್ತು ಅಂತ ಸುಳ್ಳು ಹೇಳಲ್ಲ."

ಅವಳಿಗೆ ನೋವಾಯಿತು. ಆದರೂ ತಲೆಯಾಡಿಸಿದಳು. ಸುಳ್ಳು ಕೇಳಿ ಕೇಳಿ ಸಾಕಾಗಿತ್ತು ಅವಳಿಗೆ.

"ಮೂರನೇ ಸಲಕ್ಕೆ ಏನೋ ಹೇಳ್ತೀನಿ ಅಂದಿದ್ರಿ..."

"ಈಗ ಬಾಯಿ ಬರ್ತಿಲ್ಲ."

"ಹಂಗಾದ್ರೆ ನಾನೇ ಹೇಳ್ತೀನಿ." ಕಣ್ಣೊರೆಸಿಕೊಂಡು ಅವನ ಎದುರಿಗೇ ಬಂದು ನಿಂತಳು. "ನೀವಂದ್ರೆ ನಂಗಿಷ್ಟ. ಅವತ್ತು ನಡುರಸ್ತೇಲಿ ಬೈದಾಗಿಂದ. ನೀವು ಇಷ್ಟಪಡದಿದ್ರೂ ಪರವಾಗಿಲ್ಲ, ನನಗೆ ಇಷ್ಟ!"

ಗೌತಮ್ ಎಣ್ಣೆ ಮೆತ್ತಿದ ಬೆರಳಿಂದ ಅವಳ ಕೆನ್ನೆಯ ನೀರು ಒರೆಸಲು ಹೋಗಿ, ಕೈ ನೋಡಿಕೊಂಡು ನಿಲ್ಲಿಸಿದ. ಅವಳೇ ಆ ಕೈ ಎಳೆದು ಕೆನ್ನೆಗೆ ಒತ್ತಿಕೊಂಡಳು.

"ಇನ್ನೂ ಎಷ್ಟು ಸಲ ಬರ್ಬೇಕು?" ಅಂದಳು.

"ಕೆಂಪಾಗೋವರೆಗೂ."

"ಆಮೇಲೆ?"

"ಆಮೇಲೂ ಬನ್ನಿ."

"ಬರೋಕೆ ಎಲ್ಲಿಂದ ಬರ್ಲಿ ಗೌತಮ್? ವಾಪಸ್ ಹೋಗೋಕೆ ನನಗೊಂದು ಮನೆ ಇದ್ರೆ ತಾನೇ..."

ಇಷ್ಟು ದಿನದ 'ನೀವು', 'ಮೇಡಂ' ಎಲ್ಲ ಅಲ್ಲೇ ಎಲ್ಲೋ ಬಿದ್ದುಹೋಯಿತು.

"ಹಂಗಾದ್ರೆ ಹೋಗ್ಬೇಡ, ರೂಪ."